‘ದಿ ಮೆಸೇಜ್’ ಸಿನಿಮಾದಲ್ಲಿ ಗ್ರೀಕ್ ನಟಿ ಐರೀನ್ ಪಾಪಾಸ್ ಯಾಕೆ ಕಾಣಲಿಲ್ಲ?

ನೀವು ನೋಡಿದ್ದು ಬಹುಶಃ ಅರಬ್ಬಿ ಆವೃತ್ತಿ. ನಿರ್ದೇಶಕ ಮುಸ್ತಫಾ ಅಕ್ಕಾದ್ ಈ ಸಿನಿಮಾವನ್ನು ಅರಬ್ಬಿ, ಇಂಗ್ಲಿಷ್ ಎರಡರಲ್ಲೂ ಬೇರೆ ಬೇರೆ ಕಲಾವಿದರನ್ನು ಇಟ್ಟುಕೊಂಡು ತೆಗೆದರು. ಅದು ಡಬ್ಬಿಂಗ್ ಅಲ್ಲ. ಅರಬ್ಬಿಯಲ್ಲಿ ಹಿಂದ್ ಎಂಬ ಹೆಂಗಸಿನ ಪಾತ್ರ ಮಾಡಿದವರು ಸಿರಿಯಾದ ಮುನಾ ವಾಸಿಫ್. ಅದೇ ಪಾತ್ರದಲ್ಲಿ ಐರೀನ್ ಇರುವುದು ಇಂಗ್ಲಿಷಿನಲ್ಲಿ. ಮೊದಲು ಅದನ್ನು ಹುಡುಕಿ. ಹಮ್ಜಾ ಪಾತ್ರದಲ್ಲಿ ಆಂಥನಿ ಕ್ವಿನ್ ಕಂಡರೆ ಸರಿಯಾದದ್ದೇ ಸಿಕ್ಕಿದೆ ಎಂದರ್ಥ.

‘ಜೋರ್ಬಾ ದಿ ಗ್ರೀಕ್’ ಸಿನಿಮಾದಲ್ಲಿ ಐರೀನ್‌ಗೆ ಮಾತು ಇಲ್ಲವೆನ್ನುವಷ್ಟು ಕಡಿಮೆ, ಅಷ್ಟೊಂದು ಹೊಗಳುವುದೇಕೆ ಅಂತಲೂ ಕೇಳಿದ್ದೀರಿ. ಅದರಲ್ಲಿ ಅವರದು ವಿಧವೆಯ ಪಾತ್ರ, ಅದು ಕಣ್ಣಲ್ಲೇ ನಡೆಯುತ್ತದೆ, ನಿಜ. ಆದರೆ ಅವರ ಪೂರ್ತಿ ಶಕ್ತಿ ಗೊತ್ತಾಗಬೇಕಾದರೆ ಗ್ರೀಕ್ ಭಾಷೆಯ ಸಿನಿಮಾಗಳಿಗೇ ಹೋಗಬೇಕು. 1962ರ ‘ಎಲೆಕ್ಟ್ರಾ’ದಿಂದ ಶುರು ಮಾಡಿ. ಕಪ್ಪು ಬಿಳುಪು, ಬರಡು ನೆಲ, ಆ ಮುಖ. ಆಮೇಲೆ 1977ರ ‘ಇಫಿಜೀನಿಯಾ’. ಎಲೆಕ್ಟ್ರಾದಲ್ಲಿ ತಾಯಿ ಕ್ಲೈಟೆಮ್ನೆಸ್ಟ್ರಾಳನ್ನು ದ್ವೇಷಿಸುವ ಮಗಳಾಗಿದ್ದವರು ಇಲ್ಲಿ ಅದೇ ಕ್ಲೈಟೆಮ್ನೆಸ್ಟ್ರಾ ಆಗಿದ್ದಾರೆ! ಎರಡರ ನಿರ್ದೇಶಕರೂ ಮೈಕೇಲ್ ಕಾಕೋಯಾನಿಸ್. ದಯವಿಟ್ಟು ಇದೇ ಕ್ರಮದಲ್ಲಿ ನೋಡಿ. ಮೊದಲನೆಯದರಲ್ಲಿ ನಿಮಗೂ ಆ ತಾಯಿಯ ಮೇಲೆ ಸಿಟ್ಟು ಬರುತ್ತದೆ. ಎರಡನೆಯದರಲ್ಲಿ ಗಂಡನೇ ಮಗಳನ್ನು ಬಲಿಗೆ ಕೊಡುವಾಗ ಆ ಸಿಟ್ಟು ಕರಗಿಹೋಗುತ್ತದೆ.

ಕೊನೆಗೆ ‘ಝಡ್’, 1969ರದ್ದು, ಫ್ರೆಂಚ್. ಪಾತ್ರ ಚಿಕ್ಕದು, ಕೊಲೆಯಾದ ನಾಯಕನ ಹೆಂಡತಿ.

ಹುಡುಕುವಾಗ ಪಾಪಾಸ್ ಹೆಸರನ್ನು ಇಂಗ್ಲಿಷಿನಲ್ಲಿ ನಡುವೆ ಒಂದು ‘ಪಿ’ ಹಾಕಿಯೂ (Papas) ಎರಡು ‘ಪಿ’ ಹಾಕಿಯೂ (Pappas) ನೋಡಿ. ಎರಡೂ ಬಳಕೆಯಲ್ಲಿವೆ. ಸಬ್‌ಟೈಟಲ್ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.