ಪಕ್ಕದ ಸೀಟಿನವರ ಬಗ್ಗೆ ಬರೆಯಿರಿ

ಪ್ರಿಯರೇ,

ನೀವು ಕಳಿಸಿದ ‘ಸಾವಿಗೆ ಸವಾಲು ಹಾಕಿದ ಸರದಾರರು’ ಲೇಖನವನ್ನು ಎರಡು ಸಲ ಓದಿದೆ. ಇಟಲಿಯ ಮಿಲ್ಲೆ ಮಿಲ್ಯಾ ರೇಸಿನ ಹನ್ನೆರಡು ಚಾಲಕರ ಬಗ್ಗೆ ಬರೆದಿದ್ದೀರಿ. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಅಡಗಿದೆ. ಏಳನೇ ಪುಟದಲ್ಲಿ, ಚಾಲಕ ಸ್ಟರ್ಲಿಂಗ್ ಮಾಸ್ ಬಗ್ಗೆ ಬರೆಯುವಾಗ, ನೀವು ಒಂದೇ ಸಾಲಿನಲ್ಲಿ ದಾಟಿ ಹೋಗಿದ್ದೀರಿ: ‘ಮಾಸ್ ಜೊತೆ ಕಾರಿನಲ್ಲಿ ಜೆಂಕಿನ್ಸನ್ ಎಂಬ ಪತ್ರಕರ್ತರೂ ಇದ್ದರು.’ ನಾನು ಅಲ್ಲೇ ನಿಂತುಬಿಟ್ಟೆ.

ಮೊದಲು ತೊಂದರೆ ಎಲ್ಲಿದೆ ಹೇಳುತ್ತೇನೆ. ಒಬ್ಬೊಬ್ಬರಿಗೂ ಒಂದೊಂದು ಪ್ಯಾರಾ. ಹುಟ್ಟಿದ ಊರು, ಗೆದ್ದ ರೇಸು, ಸತ್ತ ವರ್ಷ. ನಡುವೆ ‘ಗಂಡೆದೆ’, ‘ಮಿಂಚಿನ ವೇಗ’, ‘ಯಮನ ಜೊತೆ ಸರಸ’. ಹೆಸರು ಅದಲುಬದಲು ಮಾಡಿದರೂ ಓದುಗರಿಗೆ ಗೊತ್ತೇ ಆಗುವುದಿಲ್ಲ. ಎಲ್ಲಕ್ಕಿಂತ ಜಾಸ್ತಿ ಬೇಸರ ಆಗಿದ್ದು, ರಸ್ತೆ ರೇಸಿನ ಲೇಖನದಲ್ಲಿ ರಸ್ತೆಯೇ ಕಾಣದಿದ್ದದ್ದು. ಬ್ರೆಶಾ ಊರಿನಿಂದ ರೋಮ್‌ಗೆ ಹೋಗಿ ವಾಪಸ್ ಬರಬೇಕು, ಸುಮಾರು 1,600 ಕಿಲೋಮೀಟರ್. ನಮ್ಮ ಓದುಗರಿಗೆ ಬೆಂಗಳೂರಿನಿಂದ ಪುಣೆಗೆ ಹೋಗಿ ಬಂದಷ್ಟು ಅಂತ ಹೇಳಿ, ತಕ್ಷಣ ಅರ್ಥವಾಗುತ್ತದೆ. ಅದೂ ಜನ ದಿನಾ ಓಡಾಡುವ ಮಾಮೂಲಿ ರಸ್ತೆ. ಊರೊಳಗಿನ ಬೀದಿಗಳು, ಘಾಟಿಯ ತಿರುವುಗಳು, ರೈಲ್ವೆ ಗೇಟುಗಳು. ಎರಡೂ ಬದಿಯಲ್ಲಿ ಕೈಚಾಚಿದರೆ ಸಿಗುವಷ್ಟು ಹತ್ತಿರ ಜನ.

ಎರಡು ತಪ್ಪು ತಿದ್ದಿಕೊಳ್ಳಿ. ಕಾರಿನ ಮೇಲಿದ್ದ 722 ಎಂಬುದು ಸ್ಟರ್ಲಿಂಗ್ ಮಾಸ್ ಅವರ ‘ಅದೃಷ್ಟ ಸಂಖ್ಯೆ’ ಅಲ್ಲ. ಅದು ಹೊರಟ ಸಮಯ, ಬೆಳಿಗ್ಗೆ 7 ಗಂಟೆ 22 ನಿಮಿಷ. ನಿಜ ಸಂಗತಿಯೇ ಇಷ್ಟು ಚೆನ್ನಾಗಿರುವಾಗ ಅದೃಷ್ಟ ಯಾಕೆ ಬೇಕು? ಇನ್ನೊಂದು, 1930ರಲ್ಲಿ ನುವೊಲಾರಿ ಹೆಡ್‌ಲೈಟ್ ಆರಿಸಿ ಕತ್ತಲಲ್ಲಿ ಹಿಂದಿನಿಂದ ಬಂದು ವಾರ್ಜಿಯನ್ನು ಹಿಂದೆ ಹಾಕಿ ಗೆದ್ದರು ಎಂಬ ಕಥೆ. ಎಲ್ಲರೂ ಹೇಳುತ್ತಾರೆ, ನೀವೂ ಹೇಳಿದ್ದೀರಿ. ಆದರೆ ನುವೊಲಾರಿ ಹೊರಟಿದ್ದೇ ವಾರ್ಜಿಗಿಂತ ತಡವಾಗಿ. ಈ ರೇಸಿನಲ್ಲಿ ಯಾರು ಮೊದಲು ಬಂದರು ಅನ್ನುವುದಲ್ಲ, ಯಾರು ಕಡಿಮೆ ಹೊತ್ತು ತೆಗೆದುಕೊಂಡರು ಅನ್ನುವುದು ಲೆಕ್ಕ. ದಾಟದೇ ಇದ್ದಿದ್ದರೂ ಅವರೇ ಗೆಲ್ಲುತ್ತಿದ್ದರು. ಕಥೆ ಹೇಳಿ, ಬೇಡ ಅನ್ನುವುದಿಲ್ಲ. ಜೊತೆಗೆ ಈ ಲೆಕ್ಕವನ್ನೂ ಹೇಳಿ. ಅವತ್ತು ನುವೊಲಾರಿ ಪಕ್ಕದಲ್ಲಿ ಗಿಡೊಟ್ಟಿ ಕೂತಿದ್ದರು, ಅವರ ಹೆಸರನ್ನೂ ಬಿಟ್ಟಿದ್ದೀರಿ.

ಈಗ ಜೆಂಕಿನ್ಸನ್ ವಿಷಯಕ್ಕೆ ಬರೋಣ. ಕಾರು ತೆರೆದ ಮರ್ಸಿಡಿಸ್ 300 ಎಸ್‌ಎಲ್‌ಆರ್. ದಿನ 1955ರ ಮೇ 1. ಗಡ್ಡದ, ಗಿಡ್ಡ ಆಸಾಮಿ, ಕಣ್ಣಿಗೆ ಕನ್ನಡಕ. ಕೈಯಲ್ಲಿ ಒಂದು ಅಲ್ಯೂಮಿನಿಯಂ ಪೆಟ್ಟಿಗೆ. ಅದರೊಳಗೆ ಹಳೇ ಜಾತಕದ ಹಾಗೆ ಸುತ್ತಿದ ಸುಮಾರು 5 ಮೀಟರ್ ಉದ್ದದ ಕಾಗದ. ರೇಸಿಗೆ ಮುಂಚೆಯೇ ಆ ದಾರಿಯಲ್ಲಿ ಓಡಾಡಿ, ಯಾವ ತಿರುವು ಕೆಟ್ಟದ್ದು, ಯಾವ ದಿಬ್ಬದ ಆಚೆ ರಸ್ತೆ ನೇರ ಇದೆ ಅಂತೆಲ್ಲ ಬರೆದಿಟ್ಟ ಪಟ್ಟಿ ಅದು. ಪಾರದರ್ಶಕ ಕಿಂಡಿಯಲ್ಲಿ ನೋಡುತ್ತಾ ಸುರುಳಿ ತಿರುಗಿಸಬೇಕು, ಕೈಸನ್ನೆಯಲ್ಲಿ ಮಾಸ್‌ಗೆ ಹೇಳಬೇಕು. ಎಂಜಿನ್ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ, ಅಲ್ವಾ? ದಿಬ್ಬದ ಆಚೆ ಏನಿದೆ ಅಂತ ಮಾಸ್‌ಗೆ ಕಾಣುವುದಿಲ್ಲ. ಕಾರು ಗಂಟೆಗೆ 270 ಕಿಲೋಮೀಟರ್ ವೇಗದಲ್ಲಿದೆ. ಪಕ್ಕದವರ ಕೈ ‘ಹೋಗು’ ಅನ್ನುತ್ತದೆ. ಮಾಸ್ ಆಕ್ಸಿಲರೇಟರ್ ಮೇಲಿನ ಕಾಲು ಸಡಿಲಿಸುವುದಿಲ್ಲ.

ಇಲ್ಲಿ ನಿಲ್ಲಿ. ಒಂದು ಪುಟ ಪೂರ್ತಿ ಇಲ್ಲೇ ಇರಿ. ಜೆಂಕಿನ್ಸನ್‌ಗೆ ದಾರಿಯಲ್ಲಿ ವಾಂತಿ ಬಂತು. ಪಕ್ಕಕ್ಕೆ ಬಾಗಿದಾಗ ಗಾಳಿಗೆ ಕನ್ನಡಕ ಹಾರಿಹೋಯಿತು. ಇನ್ನೊಂದು ಜೊತೆ ತಂದಿದ್ದರು, ಅದನ್ನು ಹಾಕಿಕೊಂಡು ಮತ್ತೆ ಸುರುಳಿ ಹಿಡಿದರು. ಸಂಜೆ ಐದೂವರೆ ಹೊತ್ತಿಗೆ ಇಬ್ಬರೂ ಬ್ರೆಶಾ ಸೇರಿದರು, ರೇಸ್ ಗೆದ್ದರು. 10 ಗಂಟೆ 7 ನಿಮಿಷ 48 ಸೆಕೆಂಡು. ಈ ಅಂಕಿ ನಿಮ್ಮಲ್ಲೂ ಇದೆ, ಆದರೆ ಸುಮ್ನೆ ಕೂತಿದೆ. ಕನ್ನಡಕದ ನಂತರ ಬಂದರೆ ಅದಕ್ಕೆ ಜೀವ ಬರುತ್ತದೆ.

ಎರಡನೆಯವರಾಗಿ ಬಂದ ಫಾಂಜಿಯೊ ಅವತ್ತು ಒಬ್ಬರೇ ಓಡಿಸಿದ್ದರು. 1948ರಲ್ಲಿ ದಕ್ಷಿಣ ಅಮೆರಿಕದ ಒಂದು ದೂರದ ರೇಸಿನಲ್ಲಿ, ಪೆರುವಿನಲ್ಲಿ, ಅವರ ಕಾರು ಉರುಳಿ ಪಕ್ಕದಲ್ಲಿದ್ದ ಡೇನಿಯಲ್ ಉರುಟಿಯಾ ತೀರಿಕೊಂಡಿದ್ದರು. ಆ ಸಾವಿನಿಂದಲೇ ಅವರು ಒಬ್ಬರೇ ಓಡಿಸಿದರು ಅಂತ ಬರೆಯಬೇಡಿ. ಎರಡನ್ನೂ ಅಕ್ಕಪಕ್ಕ ಇಟ್ಟು ಮುಂದೆ ಹೋಗಿ.

1954ರ ಪ್ರಸಂಗವನ್ನೂ ಸೇರಿಸಿ. ಹಾನ್ಸ್ ಹೆರ್ಮನ್ ಪೋರ್ಷೆಯಲ್ಲಿ ಬರುತ್ತಿದ್ದಾರೆ, ಮುಂದೆ ರೈಲ್ವೆ ಗೇಟ್ ಬೀಳುತ್ತಿದೆ, ರೈಲು ಹತ್ತಿರ ಬಂದಿದೆ, ಬ್ರೇಕ್ ಹಾಕಿದರೂ ನಿಲ್ಲುವುದಿಲ್ಲ. ಹೆರ್ಮನ್ ಪಕ್ಕದಲ್ಲಿದ್ದ ಹರ್ಬರ್ಟ್ ಲಿಂಗೆಯವರ ಹೆಲ್ಮೆಟ್ ಮೇಲೆ ಒಂದು ಏಟು ಕೊಟ್ಟರು. ಇಬ್ಬರೂ ತಲೆ ತಗ್ಗಿಸಿದರು. ಕಾರು ಗೇಟಿನ ಕೆಳಗೇ ನುಸುಳಿ ಪಾರಾಯಿತು.

ಕೊನೆಯ ಪುಟದ ಬಗ್ಗೆ ನನಗೆ ಸಿಟ್ಟೇ ಬಂತು. 1957ರ ಮೇ 12ರಂದು ಗ್ವಿದಿತ್ಸೊಲೊ ಊರಿನ ಬಳಿ ಟೈರ್ ಸಿಡಿದು ಚಾಲಕ ಪೋರ್ತಾಗೊ ಸತ್ತರು. ಅದನ್ನು ‘ವೇಗದೇವತೆಗೆ ಪ್ರಾಣಾರ್ಪಣೆ’ ಅಂದಿದ್ದೀರಿ. ಪಕ್ಕದಲ್ಲಿದ್ದ ಎಡ್ಮಂಡ್ ನೆಲ್ಸನ್ ಕೂಡ ಸತ್ತರು. ರಸ್ತೆ ಬದಿಯಲ್ಲಿ ನೋಡುತ್ತಿದ್ದ ಒಂಬತ್ತು ಜನ ಸತ್ತರು, ಅವರಲ್ಲಿ ಐವರು ಮಕ್ಕಳು. ಆ ಮಕ್ಕಳು ಯಾವ ದೇವತೆಗೂ ಏನನ್ನೂ ಅರ್ಪಿಸಲಿಲ್ಲ, ಕಾರು ನೋಡಲು ಬಂದಿದ್ದರು ಅಷ್ಟೇ. ವೇಗದ ಪಂದ್ಯವಾಗಿ ಮಿಲ್ಲೆ ಮಿಲ್ಯಾ ಅಲ್ಲಿಗೆ ನಿಂತಿತು. ಆ ಸಾಲನ್ನು ದಯವಿಟ್ಟು ಹೊಡೆದುಹಾಕಿ.

ನಿಮ್ಮ ಪತ್ರದಲ್ಲಿ, ಅಪ್ಪ ಲಾರಿ ಓಡಿಸುತ್ತಿದ್ದರು, ಬೇಸಿಗೆ ರಜೆಯಲ್ಲಿ ನೀವೂ ಜೊತೆಗೆ ಹೋಗಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದಿರಿ ಅಂತ ಬರೆದಿದ್ದೀರಿ. ಕ್ಲೀನರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಬಾಗಿಲು ತಟ್ಟುತ್ತಾ ‘ಬರ್ಲಿ, ಬರ್ಲಿ, ಹೋಲ್ಡಾನ್’ ಅನ್ನುತ್ತಿದ್ದರಂತೆ. ಅಪ್ಪ ಆ ಕಡೆ ನೋಡದೆಯೇ ಸ್ಟೀರಿಂಗ್ ತಿರುಗಿಸುತ್ತಿದ್ದರಂತೆ. ಇದನ್ನು ಲೇಖನದೊಳಗೆ ತುರುಕಬೇಡಿ. ಆದರೆ ಬರೆಯಲು ಕೂರುವಾಗ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಜೆಂಕಿನ್ಸನ್ ಅವರ ಕೈ ಮಾಸ್‌ಗೆ ಏನಾಗಿತ್ತು ಅಂತ ನಮ್ಮ ಕಚೇರಿಯಲ್ಲಿ ಯಾರಿಗಿಂತಲೂ ಚೆನ್ನಾಗಿ ನಿಮಗೆ ಗೊತ್ತು.

ಹನ್ನೆರಡು ಜನ ಬೇಡ, ನಾಲ್ಕು ಪುಟ ಸಾಕು. ಸುರುಳಿ ತಿರುಗಿಸುವಲ್ಲಿಂದಲೇ ಶುರು ಮಾಡಿ, ಮುಂದಿನ ತಿಂಗಳೊಳಗೆ ಕಳಿಸಿ. ಕಾಯುತ್ತಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ