ಅಮ್ಮನ ಕೈಗುಣವಲ್ಲ, ತವರಿನ ನೀರು

ಈ ವಾರದ ಪತ್ರ ಬರೆದವರು ಕೋಲಾರ ತಾಲ್ಲೂಕಿನ ಒಂದು ಹಳ್ಳಿಯ ಸೊಸೆ. ವಯಸ್ಸು 27. ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಹತ್ತಿರ. ಹೆಸರು ಬೇಡ ಅಂದಿದ್ದಾರೆ, ಹಾಕುವುದಿಲ್ಲ.

ಇವರದು ಗುಂಗುರು ಕೂದಲು. ಮದುವೆಗೆ ಮುಂಚೆ ಸುರುಳಿ ಸುರುಳಿಯಾಗಿ ಬೆನ್ನ ಮೇಲೆ ಇಳಿಯುತ್ತಿತ್ತಂತೆ. ಮದುವೆಯಾದ ಎರಡು ವರ್ಷದಲ್ಲಿ ಸುರುಳಿಯೆಲ್ಲ ಬಿಚ್ಚಿಕೊಂಡು, ಒರಟಾಗಿ, ತಲೆ ತುಂಬಾ ಕೆದರಿ ನಿಲ್ಲುತ್ತಿದೆ. ಕೆಮಿಕಲ್ ಬೇಡ ಅಂತ ಶಾಂಪೂ ಬಿಟ್ಟರು. ಕೈಯಲ್ಲೇ ತಯಾರಿಸಿದ ಗಿಡಮೂಲಿಕೆ ಸೋಪು ತರಿಸಿಕೊಂಡರು. ದಾಸವಾಳದ ಗೊಂಪು, ಲೋಳೆಸರ, ಮೆಂತ್ಯ, ಅಗಸೆ ಬೀಜದ ಜೆಲ್ ಎಲ್ಲವೂ ಆಯಿತು. ಯಾವುದೂ ಕೈ ಹಿಡಿಯಲಿಲ್ಲ.

ಈಗ ನಾದಿನಿಯ ನಿಶ್ಚಿತಾರ್ಥ ಐದು ವಾರದಲ್ಲಿದೆ. ನಾದಿನಿ ಕೋಲಾರದ ಒಂದು ಪಾರ್ಲರ್‌ನಲ್ಲಿ ಕೆಲಸ ಮಾಡುವ ಹುಡುಗಿ. "ಅತ್ತಿಗೆ, ಫೋಟೋದಲ್ಲಿ ಹೀಗೆ ಕಾಣಬೇಡಿ. ನಾನೇ ಕೆರಾಟಿನ್ ಮಾಡಿ ನೀಟಾಗಿ ಕೂರಿಸಿಕೊಡ್ತೀನಿ" ಅಂತ ಹಟ ಹಿಡಿದಿದ್ದಾಳೆ. ಕೆರಾಟಿನ್ ಅಂದರೆ ಕ್ರೀಮು ಹಚ್ಚಿ, ಕಾದ ಕಬ್ಬಿಣ ಹಿಡಿದು ಕೂದಲು ನೇರ ಮಾಡುವುದು. ಗಂಡ "ಒಂದು ಸಲ ತಾನೆ, ಮಾಡಿಸ್ಕೊಂಡ್ಬಿಡು" ಅಂದರಂತೆ. ಅತ್ತೆ ಬೇರೆ ಕಾರಣಕ್ಕೆ ಮುನಿಸಿಕೊಂಡಿದ್ದಾರೆ. ಕುಡಿಯುವ ನೀರಿನ ಕ್ಯಾನಿನಿಂದ ಸೊಸೆ ತಲೆಗೆ ಎರಡು ಚೊಂಬು ಹಾಕಿಕೊಂಡರು ಅಂತ ಎರಡು ದಿನ ಮಾತಾಡಲಿಲ್ಲ. "ಈ ಮನೆಯಲ್ಲಿ ಎಲ್ಲರಿಗೂ ನನ್ನ ಕೂದಲೇ ಭಾರ. ಮಾಡಿಸಿಕೊಂಡು ಬಿಡಲಾ ಮೇಡಂ?" ಇದು ಅವರ ಪ್ರಶ್ನೆ.

ಪತ್ರದ ಕೊನೆಗೆ, ಸಹಿಗೆ ಮುಂಚೆ, ಹೀಗೊಂದು ಮಾತು ಸೇರಿಸಿದ್ದಾರೆ: "ತವರಿಗೆ ಹೋದಾಗ ಮಾತ್ರ ಎರಡು ಸಲ ತಲೆಗೆ ಎರೆದುಕೊಂಡರೆ ಸಾಕು, ಕೂದಲು ತಾನಾಗಿ ಸುರುಳಿ ಕಟ್ಟುತ್ತೆ. ಅಮ್ಮನ ಕೈಗುಣ ಇರಬೇಕು."

ತಂಗೀ, ನೀವು ಮೂರು ಪುಟ ಬರೆದದ್ದಕ್ಕೆ ಉತ್ತರ ಈ ಎರಡು ಸಾಲಲ್ಲೇ ಇದೆ. ನಿಮ್ಮ ಕೂದಲಿಗೆ ಏನೂ ಆಗಿಲ್ಲ. ಕೆಟ್ಟ ಕೂದಲು ಎರಡು ತಲೆಸ್ನಾನಕ್ಕೆ ಸರಿಹೋಗುವುದಿಲ್ಲ. ಅಮ್ಮನ ಕೈ ಮೇಲೆ ನಿಮಗಿರುವ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ತವರಿನಲ್ಲಿ ಕೆಲಸ ಮಾಡುತ್ತಿರುವುದು ಅಲ್ಲಿಯ ಬಾವಿ ನೀರು.

ಮಲೆನಾಡಿನಲ್ಲಿ ಮಳೆ ಸುರಿದು, ಮಣ್ಣಿನಲ್ಲಿ ಇಳಿದು, ಹೆಚ್ಚು ಕಾಲ ನಿಲ್ಲದೆ ಬಾವಿಗೆ ಬರುತ್ತದೆ. ಅದು ಮೆದು ನೀರು. ಕೋಲಾರದ ಕಥೆ ನಿಮಗೆ ಈಗ ಗೊತ್ತಿದೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ಇದು. ಬೆಂಗಳೂರಿನಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೆರೆಗಳಿಗೆ ಬರುತ್ತಿದ್ದರೂ, ಮನೆಗಳಲ್ಲಿ ಬಳಸುವುದು ಹೆಚ್ಚಾಗಿ ಬೋರ್‌ವೆಲ್ ನೀರನ್ನೇ. ಸಾವಿರ ಅಡಿ ದಾಟಿದರೂ ನೀರು ಸಿಗದ ಜಾಗಗಳಿವೆ. ಅಷ್ಟು ಆಳದ ಬಂಡೆಯ ಬಿರುಕಿನಲ್ಲಿ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಷಿಯಂ ಕರಗಿಸಿಕೊಂಡು ಮೇಲೆ ಬರುತ್ತದೆ. ಇದೇ ಗಡಸು ನೀರು. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಒಪ್ಪುವ ಗಡಸುತನ ಲೀಟರ್‌ಗೆ 200 ಮಿಲಿಗ್ರಾಂ. ಬೇರೆ ದಾರಿಯೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು ಅನ್ನುತ್ತದೆ. ನಿಮ್ಮ ಮನೆ ನೀರು ಎಷ್ಟಿದೆ ಅಂತ ಅಳೆಯದೆ ನಾನು ಹೇಳಲಾರೆ. ಆದರೆ ಬಕೆಟ್ಟಿನ ಅಂಚಿಗೆ ಬಿಳಿ ಪದರ ಕಟ್ಟಿ, ಉಗುರಲ್ಲಿ ಕೆರೆದರೂ ಬರಲ್ಲ ಅಂತ ನೀವೇ ಬರೆದಿದ್ದೀರಿ. ಅದೇ ಪದರ ನಿಮ್ಮ ಕೂದಲಿನ ಮೇಲೂ ಕೂರುತ್ತಿದೆ. ಗುಂಗುರು ಕೂದಲಿಗೆ ನೆತ್ತಿಯ ಎಣ್ಣೆ ತುದಿಯವರೆಗೆ ಇಳಿಯುವುದೇ ಕಷ್ಟ, ಹಾಗಾಗಿ ಅದು ಮೊದಲೇ ಒಣ. ಮೇಲೆ ಈ ಪದರ ಬೇರೆ ಕೂತರೆ ಸುರುಳಿ ಹೇಗೆ ಒಟ್ಟಿಗೆ ನಿಲ್ಲುತ್ತೆ ಹೇಳಿ?

ಅದರ ಮೇಲೆ ಆ ಗಿಡಮೂಲಿಕೆ ಸೋಪು. ಇದನ್ನು ಕೊಂಚ ಬಿಡಿಸಿ ಹೇಳಬೇಕು, ಯಾಕೆಂದರೆ ಕೆಮಿಕಲ್ ಬೇಡ ಅನ್ನುವ ಬಹಳ ಹೆಣ್ಣುಮಕ್ಕಳು ಇಲ್ಲೇ ಎಡವುತ್ತಾರೆ. ಎಣ್ಣೆಗೆ ಕಾಸ್ಟಿಕ್ ಬೆರೆಸಿ ತಯಾರಿಸುವ ಸೋಪು, ಅದರಲ್ಲಿ ಬೇವು ಇರಲಿ ತುಳಸಿ ಇರಲಿ, ಗಡಸು ನೀರಿನಲ್ಲಿ ನೊರೆ ಕೊಡುವ ಬದಲು ಬಿಳಿ ತರಿಯಾಗುತ್ತದೆ. ಆ ತರಿ ನೀರಿನಲ್ಲಿ ಕರಗುವುದಿಲ್ಲ. ಎಷ್ಟು ತೊಳೆದರೂ ಕೂದಲಿಗೆ ಅಂಟಿಕೊಂಡೇ ಇರುತ್ತದೆ. ನಂಬಿಕೆ ಬರದಿದ್ದರೆ ನೋಡಿಬಿಡಿ. ಎರಡು ಖಾಲಿ ಬಾಟಲಿ ತಗೊಳ್ಳಿ. ಒಂದಕ್ಕೆ ಬೋರ್ ನೀರು, ಇನ್ನೊಂದಕ್ಕೆ ಕುಡಿಯುವ ಕ್ಯಾನಿನ ಫಿಲ್ಟರ್ ನೀರು ಅರ್ಧ ಅರ್ಧ ತುಂಬಿ. ಆ ಸೋಪನ್ನು ಚಾಕುವಿನಲ್ಲಿ ಒಂದೇ ಅಳತೆಗೆ ಹೆರೆದು ಎರಡಕ್ಕೂ ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ. ಫಿಲ್ಟರ್ ನೀರಿನ ಬಾಟಲಿಯಲ್ಲಿ ನೊರೆ ಮೇಲೆದ್ದು ನಿಲ್ಲುತ್ತದೆ. ಬೋರ್ ನೀರಿನದು ಮಜ್ಜಿಗೆಯ ಬಣ್ಣಕ್ಕೆ ತಿರುಗಿ, ಸಣ್ಣ ಸಣ್ಣ ತರಿ ತೇಲುತ್ತದೆ. ಮುಟ್ಟಿ ನೋಡಿ, ಬೆರಳಿಗೆ ಜಿಡ್ಡು ಹಿಡಿಯುತ್ತದೆ. ಇಷ್ಟು ದಿನ ನಿಮ್ಮ ತಲೆಯಲ್ಲಿ ಇದ್ದದ್ದು ಅದೇ. ಆ ಸೋಪನ್ನು ಕೈ ತೊಳೆಯಲು ಇಟ್ಟುಕೊಳ್ಳಿ.

ಸಹಜವಾದದ್ದೆಲ್ಲ ಒಳ್ಳೆಯದು ಅನ್ನುವ ನಂಬಿಕೆ ಬಿಡಿ ಅಂತ ಈ ಅಂಕಣದಲ್ಲಿ ಹೇಳುತ್ತಲೇ ಬಂದಿದ್ದೇನೆ. ತಲೆಗೆ ಅಡುಗೆ ಸೋಡಾ ಬೇಡ. ನೀರು ಬೆರೆಸದ ನಿಂಬೆರಸವೂ ಬೇಡ. ಆದರೆ ಸೀಗೆಕಾಯಿ, ಅಂಟುವಾಳ ನಿಮ್ಮ ಊರಿಗೆ ಸರಿಯಾದದ್ದು. ಅವುಗಳ ನೊರೆ ಸೋಪಿನ ಜಾತಿಯದಲ್ಲ, ಗಡಸು ನೀರಿನಲ್ಲೂ ತರಿಯಾಗುವುದಿಲ್ಲ. ಪುಡಿಯನ್ನು ಹಾಗೇ ತಿಕ್ಕಬೇಡಿ, ಗುಂಗುರು ಕೂದಲಲ್ಲಿ ಸಿಕ್ಕಿಕೊಂಡರೆ ಬರುವುದೇ ಇಲ್ಲ. ರಾತ್ರಿ ನೆನೆಸಿ, ಕುದಿಸಿ, ಬಟ್ಟೆಯಲ್ಲಿ ಸೋಸಿದ ನೀರು ಹಾಕಿಕೊಳ್ಳಿ. ಕಣ್ಣು ಮುಚ್ಚಿಕೊಳ್ಳಿ, ಉರಿಯುತ್ತೆ.

ಇನ್ನು ಮನೆಯವರ ವಿಷಯ.

ಅತ್ತೆಯ ಮೇಲೆ ನಿಮಗೆ ಕೋಪವಿದೆ. ನನಗಿಲ್ಲ. ಪತ್ರದ ಒಂದು ಕಡೆ "ಅತ್ತೆ ದಿನ ಬಿಟ್ಟು ದಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ಹೊತ್ತು ತರುತ್ತಾರೆ" ಅಂತಿದೆ. ಇನ್ನೊಂದು ಕಡೆ "ನಮ್ಮವರು ಏಳಕ್ಕೇ ಬೈಕ್‌ನಲ್ಲಿ ಹೊರಡುತ್ತಾರೆ, ಘಟಕದ ಮುಂದೆಯೇ ದಾರಿ" ಅಂತಿದೆ. ಎರಡನ್ನೂ ನೀವೇ ಬರೆದಿದ್ದೀರಿ, ಒಟ್ಟಿಗೆ ಓದಿಲ್ಲ. 20 ಲೀಟರ್ ಕ್ಯಾನ್ ಅಂದರೆ 20 ಕೆ.ಜಿ. ಭಾರ. ವಯಸ್ಸಾದ ಹೆಂಗಸು ಸೊಂಟದ ಮೇಲೆ ಇಟ್ಟುಕೊಂಡು ತಂದ ನೀರು ಅದು. ಅದರಲ್ಲಿ ಎರಡು ಚೊಂಬು ಬಚ್ಚಲಿಗೆ ಹರಿದರೆ ಅವರಿಗೆ ಹೊಟ್ಟೆ ಉರಿಯದೇ ಇರುತ್ತಾ? ಅವರು ಮುನಿಸಿಕೊಂಡದ್ದು ನಿಮ್ಮ ಕೂದಲ ಮೇಲಲ್ಲ. ಆ ನೀರಿನ ಬೆಲೆ ಆ ಮನೆಯಲ್ಲಿ ಅವರೊಬ್ಬರಿಗೇ ಗೊತ್ತು.

ಅಷ್ಟೇ ಅಲ್ಲ, ಗಡಸು ನೀರಿನ ಬಗ್ಗೆ ನನಗಿಂತ ನಿಮ್ಮ ಅತ್ತೆಗೆ ಚೆನ್ನಾಗಿ ಗೊತ್ತಿದೆ. ಬೇಳೆ ಬೇಯಿಸಲು ಅವರು ಫಿಲ್ಟರ್ ನೀರೇ ಇಡುತ್ತಾರೆ ಅಂತ ಬರೆದಿದ್ದೀರಲ್ಲ. ಬೋರ್ ನೀರಲ್ಲಿ ಎಷ್ಟು ವಿಷಲ್ ಕೂಗಿಸಿದರೂ ತೊಗರಿಬೇಳೆ ಕಲ್ಲುಕಲ್ಲಾಗಿಯೇ ಇರುತ್ತೆ ಅನ್ನುವುದು ಕೋಲಾರದ ಯಾವ ಅಡುಗೆ ಮನೆಗೂ ಹೊಸ ವಿಷಯವಲ್ಲ. ಅವರ ಹತ್ತಿರ ಕೂತು "ಅತ್ತೆ, ಬೇಳೆ ಬೇಯದ ನೀರಲ್ಲಿ ನನ್ನ ಕೂದಲು ಹೇಗೆ ಮೆತ್ತಗಾಗುತ್ತೆ?" ಅಂತ ಕೇಳಿ. ಜಗಳ ಅಲ್ಲಿಗೇ ಅರ್ಧ ಕರಗುತ್ತದೆ. ಆ ಬಾಟಲಿ ಎರಡನ್ನೂ ಅವರ ಕೈಯಲ್ಲೇ ಕುಲುಕಿಸಿ.

ನನ್ನ ಸಿಟ್ಟೆಲ್ಲ ನಿಮ್ಮ ಗಂಡನ ಮೇಲೆ. ಪತ್ರದಲ್ಲಿ ಅವರಿಗೆ ಒಂದೇ ಸಾಲು ಕೊಟ್ಟು ಬಿಟ್ಟುಬಿಟ್ಟಿದ್ದೀರಿ. ತಾಯಿ ನೀರು ಹೊರುವಾಗ ಬೈಕ್ ನಿಲ್ಲಿಸದವರು, ಹೆಂಡತಿಯ ತಲೆಗೆ ಕಾದ ಕಬ್ಬಿಣ ಹಿಡಿಸಲು "ಒಂದು ಸಲ ತಾನೆ" ಅನ್ನುತ್ತಾರೆ. ನೀರು ಮನೆಯ ಕೆಲಸ, ಗಂಡಸರೂ ಹೊರಬೇಕು. ಇದನ್ನು ಎಷ್ಟು ಸಲ ಬೇಕಾದರೂ ಬರೆಯುತ್ತೇನೆ.

ಅವರ ಆ ಮಾತು ಸುಳ್ಳು ಕೂಡ. ಕೆರಾಟಿನ್ ಒಂದು ಸಲಕ್ಕೆ ಮುಗಿಯುವುದಿಲ್ಲ. ಗುಂಗುರು ಹುಟ್ಟುವುದು ಕೂದಲ ಬುಡದ ಬಾಗಿದ ಚೀಲದಲ್ಲಿ. ಮೇಲೆ ಏನೇ ಹಚ್ಚಿದರೂ ಬುಡ ಬದಲಾಗುವುದಿಲ್ಲ. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ನಾಲ್ಕು ತಿಂಗಳಲ್ಲಿ ನೆತ್ತಿಯ ಹತ್ತಿರ ಗುಂಗುರು, ಕೆಳಗೆ ಜೋತುಬಿದ್ದ ಕೂದಲು. ಆಗ ಮತ್ತೆ ಮಾಡಿಸು ಅನ್ನುತ್ತಾರೆ. ಇಂಥ ಹಲವು ಕ್ರೀಮುಗಳು ಕಬ್ಬಿಣದ ಬಿಸಿಗೆ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತವೆ. ಡಬ್ಬಿ ಮೇಲೆ ಆ ಹೆಸರು ಇರಲೇಬೇಕು ಅಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ನಿಮಗೆ ಅದು ಒಂದು ಮಧ್ಯಾಹ್ನದ ಹೊಗೆ. ಪಾರ್ಲರ್‌ನಲ್ಲಿ ನಿಂತು ಕೆಲಸ ಮಾಡುವ ಆ ಹುಡುಗಿಗೆ ಅದೇ ಹೊಗೆ ಮತ್ತೆ ಮತ್ತೆ. ನಾದಿನಿಯನ್ನು ಬೈಯಬೇಡಿ. ಅವಳಿಗೆ ಗೊತ್ತಿರುವ ಕೆಲಸದಿಂದ ಅತ್ತಿಗೆಯನ್ನು ಚೆನ್ನಾಗಿ ಕಾಣಿಸಬೇಕು ಅನ್ನುವ ಆಸೆ ಅವಳದು. ಕಿಟಕಿ ತೆಗೆದು ಫ್ಯಾನ್ ಹಾಕಿಕೊಂಡೇ ಕೆಲಸ ಮಾಡು ಅಂತ ಹೇಳಿ. ಕಣ್ಣು, ಗಂಟಲು ಉರಿದರೆ ಅದನ್ನು ಸಣ್ಣದು ಅಂತ ಬಿಡಬೇಡ ಅನ್ನಿ.

ಅಗಸೆ ಜೆಲ್ ಕೆಲಸ ಮಾಡಲಿಲ್ಲ ಅಂದಿರಿ. ಪದರದ ಮೇಲೆ ಹಚ್ಚಿದರೆ ಅದು ತಾನೆ ಏನು ಮಾಡೀತು? ಈಗ ಹೊಸದಾಗಿ ಮಾಡಿ. ಎರಡು ದೊಡ್ಡ ಚಮಚ ಅಗಸೆ ಬೀಜಕ್ಕೆ ಎರಡು ಲೋಟ ಫಿಲ್ಟರ್ ನೀರು. ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವುತ್ತಿರಿ. ಮೊದಲು ಬರೀ ನೊರೆ ಬರುತ್ತೆ, ಆಮೇಲೆ ಸೌಟು ಎತ್ತಿದರೆ ಎಳೆ ಎಳೆಯಾಗಿ ಇಳಿಯುತ್ತೆ. ಅಷ್ಟಕ್ಕೆ ಒಲೆ ಆರಿಸಿ, ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ. ಆರಿದರೆ ಬಟ್ಟೆಯಿಂದ ಒಂದು ಹನಿಯೂ ಇಳಿಯಲ್ಲ. ಫ್ರಿಡ್ಜ್‌ನಲ್ಲಿ ಒಂದು ವಾರ ಇಡಬಹುದು, ವಾಸನೆ ಬಂದರೆ ಚೆಲ್ಲಿ.

ಹಚ್ಚುವುದು ನೀರು ತೊಟ್ಟಿಕ್ಕುತ್ತಿರುವ ಕೂದಲಿಗೆ. ಸಿಕ್ಕು ಬಿಡಿಸುವುದೂ ಆಗಲೇ, ದಾಸವಾಳದ ಗೊಂಪಿನ ಜಾರು ಇರುವಾಗ, ಬೆರಳಲ್ಲಿ ಅಥವಾ ಅಗಲ ಹಲ್ಲಿನ ಬಾಚಣಿಗೆಯಲ್ಲಿ, ತುದಿಯಿಂದ ಶುರು ಮಾಡಿ ಬುಡದ ಕಡೆಗೆ. ಒಣಗಿದ ಗುಂಗುರು ಕೂದಲಿಗೆ ಬಾಚಣಿಗೆ ತಾಗಿಸಲೇಬಾರದು. ಜೆಲ್ ಅಂಗೈಗೆ ಬಳಿದುಕೊಂಡು, ಕೂದಲನ್ನು ಕೆಳಗಿನಿಂದ ಮೇಲಕ್ಕೆ ಮುಷ್ಟಿಯಲ್ಲಿ ಹಿಂಡಿ. ಪಚಪಚ ಸದ್ದು ಬಂದರೆ ನೀರು, ಜೆಲ್ ಎರಡೂ ಸಾಕಷ್ಟಿದೆ ಅಂತ. ಹಳೆಯ ಹತ್ತಿ ಪಂಚೆಯಲ್ಲಿ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ. ಆಮೇಲೆ ಸುಮ್ನೆ ಬಿಡಿ. ಕೂದಲು ಒದ್ದೆಯಾದಾಗ ಅದರ ಒಳಗಿನ ಸಣ್ಣ ಕೊಂಡಿಗಳು ಬಿಟ್ಟುಕೊಳ್ಳುತ್ತವೆ, ಒಣಗುವಾಗ ಮತ್ತೆ ಕೂಡಿಕೊಳ್ಳುತ್ತವೆ. ಆ ಹೊತ್ತಿನಲ್ಲಿ ಕೂದಲು ಯಾವ ಆಕಾರದಲ್ಲಿದೆಯೋ ಅದೇ ನಿಲ್ಲುತ್ತದೆ. ನಡುವೆ ಕೈಯಾಡಿಸಿದರೆ ಸುರುಳಿ ಬಿಚ್ಚಿ ಕೆದರುತ್ತದೆ. ಪೂರ್ತಿ ಒಣಗಿದ ಮೇಲೆ ಕೂದಲು ಗರಿಗರಿ ಅನ್ನಿಸಿದರೆ ಎರಡು ಹನಿ ಕೊಬ್ಬರಿ ಎಣ್ಣೆ ಅಂಗೈಗೆ ಸವರಿಕೊಂಡು ಮೆಲ್ಲಗೆ ಅಮುಕಿ.

ಕೂದಲು ಜಾಸ್ತಿ ಉದುರುತ್ತಿದ್ದರೆ ಅದು ಬೇರೆ ವಿಷಯ, ಡಾಕ್ಟರನ್ನು ಕಾಣಿ.

ಇಷ್ಟೆಲ್ಲ ನೆನಪಿಡಲು ಆಗದಿದ್ದರೆ ಒಂದೇ ಒಂದು ಮಾಡಿ. ಈ ಶನಿವಾರ ನಿಮ್ಮ ಗಂಡ ಬೈಕ್‌ನಲ್ಲಿ ಎರಡು ಕ್ಯಾನ್ ನೀರು ತರಲಿ. ಒಂದು ಅಡುಗೆ ಮನೆಗೆ, ಅತ್ತೆಯ ಮುಂದೆ ಇಳಿಸಲಿ. ಇನ್ನೊಂದು ನಿಮಗೆ. ಘಟಕದಿಂದ ಹೊರಗೆ ಹರಿಯುವ ವೇಸ್ಟ್ ನೀರನ್ನು ಪುಕ್ಕಟೆ ಅಂತ ಹಿಡಿದು ತಂದಾರು, ಬೇಡ ಅನ್ನಿ, ಅದರಲ್ಲಿ ಗಡಸು ಇನ್ನೂ ಜಾಸ್ತಿ. ಭಾನುವಾರ ಆ ಇಡೀ ಕ್ಯಾನಿನಲ್ಲಿ ಸೀಗೆಕಾಯಿ ಹಾಕಿ ತಲೆಗೆ ಎರೆದುಕೊಳ್ಳಿ. ಮುಂದಿನ ಭಾನುವಾರವೂ ಹಾಗೇ. ಆಮೇಲೆ ಬೋರ್ ನೀರಲ್ಲೇ ತೊಳೆದು, ಕೊನೆಯ ನಾಲ್ಕು ಚೊಂಬು ಮಾತ್ರ ಫಿಲ್ಟರ್ ನೀರು ಹಾಕಿಕೊಂಡರೂ ಸಾಕು. ಮಳೆಗಾಲದಲ್ಲಿ ಅದೂ ಬೇಡ, ಮೊದಲ ಮಳೆ ಸೂರು ತೊಳೆದ ಮೇಲೆ ಒಂದು ಡ್ರಮ್ ಇಟ್ಟು ನೀರು ಹಿಡಿದುಕೊಳ್ಳಿ.

ನಿಶ್ಚಿತಾರ್ಥಕ್ಕೆ ಇನ್ನೂ ಐದು ವಾರ ಇದೆ, ಅಷ್ಟು ಸಮಯ ಧಾರಾಳ. ಆ ದಿನ ಕೂದಲು ಬಿಟ್ಟೇ ನಿಲ್ಲಿ, ಮಲ್ಲಿಗೆ ಮುಡಿಸುವ ಕೆಲಸ ನಾದಿನಿಗೆ ಕೊಡಿ. ಗಂಡ ಕ್ಯಾನ್ ತಂದರೋ ಇಲ್ಲವೋ ಅಂತ ನನಗೆ ಬರೆದು ತಿಳಿಸಿ.