ಭಾನುವಾರದ ಸುತ್ತಾಟ ಯಾರಿಗಾಗಿ?

ಸೆಪ್ಟೆಂಬರ್‌ನ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಕಳೆದು ಮಳೆ ಹಿಂದೆ ಸರಿದ ಮೇಲೆ ಸುಗ್ಗಿ ಹಬ್ಬ ಹುತ್ತರಿ ಬರುವವರೆಗಿನ ದಿನಗಳು ಕೊಡಗಿನಲ್ಲಿ ಎರಡು ಕೆಲಸಗಳಿಗೆ ಹೇಳಿ ಮಾಡಿಸಿದಂಥವು. ಒಂದು ಊರು ಸುತ್ತುವುದು, ಇನ್ನೊಂದು ಮಾರಬೇಕಾದ ಮನೆಯನ್ನು ತೋರಿಸುವುದು. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿನ ಗೋಡೆಗಳು ಬೆವರುತ್ತವೆ. ಬೀರು ತೆರೆದರೆ ಬೂಷ್ಟಿನ ವಾಸನೆ, ಅಂಗಳಕ್ಕೆ ಕಾಲಿಟ್ಟರೆ ಪಾಚಿ. ಆಗ ಮನೆ ನೋಡಲು ಬರುವವರು ಕಡಿಮೆ. ಜನವರಿ ಬಂತೆಂದರೆ ರೋಬಸ್ಟಾ ಕಾಫಿಯ ಕೊಯ್ಲು, ತೋಟದವರಿಗೆ ತಲೆ ಕೆರೆದುಕೊಳ್ಳಲು ಪುರುಸೊತ್ತಿಲ್ಲ. ನಡುವಿನ ಶರತ್ಕಾಲದಲ್ಲಿ ಬೆಟ್ಟವೂ ಹಸಿರಾಗಿರುತ್ತದೆ, ಬಿಸಿಲೂ ಬಿದ್ದಿರುತ್ತದೆ. ಮಾಂದಲಪಟ್ಟಿ ನೋಡಲು ಬೆಂಗಳೂರಿನಿಂದ ಬಂದವರು ಹಾಗೆಯೇ ಒಂದು ಮನೆಯನ್ನೂ ನೋಡಿಕೊಂಡು ಹೋಗುತ್ತಾರೆ.

ಮನೆ ಮಾರಲು ಹೊರಟ ಕುಟುಂಬಗಳು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬರುವುದೂ ಹೆಚ್ಚಾಗಿ ಈ ದಿನಗಳಲ್ಲೇ. ದೂರು ಬಹುತೇಕ ಒಂದೇ ಬಗೆಯದು: ‘ಅಮ್ಮನಿಗೆ ಬೇಸರವಾಗಬಾರದು ಎಂದು ಎಲ್ಲ ಕಡೆ ಸುತ್ತಾಡಿಸುತ್ತಿದ್ದೇವೆ, ಆದರೂ ಅವರು ಸರಿಯಾಗಿಲ್ಲ.’ ಇದೇ ಮಾತನ್ನು ಬೇರೆ ಬೇರೆ ಮನೆಗಳವರ ಬಾಯಲ್ಲಿ ಮತ್ತೆ ಮತ್ತೆ ಕೇಳುತ್ತಿರುವುದರಿಂದ ಒಂದು ಪ್ರಕರಣವನ್ನು ಬರೆಯುತ್ತಿದ್ದೇನೆ. ತಾಯಿ ಮತ್ತು ಮಗಳು ಇಬ್ಬರ ಒಪ್ಪಿಗೆಯೂ ಇದೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಅಮ್ಮನಿಗೆ ಎಪ್ಪತ್ತರ ಆಸುಪಾಸು. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿವೆ. ಮಡಿಕೇರಿಯ ಇಳಿಜಾರಿನಲ್ಲಿ ಹಂಚಿನ ಮನೆ. ರಸ್ತೆಯಿಂದ ಮೆಟ್ಟಿಲಿಳಿದು ಹೋಗಬೇಕು. ಮಗಳು ಮತ್ತು ಅಳಿಯ ಬೆಂಗಳೂರಿನಲ್ಲಿದ್ದಾರೆ. ಮನೆ ಮಾರಿ ಕುಶಾಲನಗರದಲ್ಲಿ ಅಮ್ಮನ ತಂಗಿಯ ಮನೆಯ ಹತ್ತಿರ ಒಂದು ನೆಲಮಹಡಿಯ ಮನೆ ಮಾಡಿಕೊಡುವುದೆಂದು ತೀರ್ಮಾನವಾಗಿತ್ತು. ಆ ತೀರ್ಮಾನದ ವೇಳೆ ಅಮ್ಮ ತಕರಾರು ಮಾಡಿರಲಿಲ್ಲ.

ಮಗಳು ಅವರನ್ನು ಕರೆದುಕೊಂಡು ಬಂದಿದ್ದು ಖಿನ್ನತೆ ಇರಬಹುದೆಂಬ ಅಂಜಿಕೆಯಿಂದ. ಆ ಅಂಜಿಕೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ನಿದ್ದೆ, ಊಟ, ದಿನದ ಕೆಲಸಗಳಲ್ಲಿನ ಆಸಕ್ತಿ, ಬದುಕು ಸಾಕೆನಿಸುವುದು, ಎಲ್ಲವನ್ನೂ ಕೇಳಿದೆ. ಮಂಕುತನ ಎರಡು ವಾರಕ್ಕೂ ಮೀರಿ ದಿನವಿಡೀ ಬಿಡದೆ ಕಾಡಿದರೆ ಮನೋವೈದ್ಯರನ್ನು ಕಾಣಲೇಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಈ ಅಮ್ಮ ವಾರದ ದಿನಗಳಲ್ಲಿ ಚೆನ್ನಾಗಿಯೇ ಇರುತ್ತಿದ್ದರು. ಅಡುಗೆ ಮಾಡುತ್ತಿದ್ದರು, ನೆರೆಯವರೊಂದಿಗೆ ಮಾತನಾಡುತ್ತಿದ್ದರು. ಶನಿವಾರ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ, ಭಾನುವಾರ ಕಾರು ಹತ್ತುವಾಗ ಕಾಲು ನಡುಗುತ್ತಿತ್ತು. ವಾರಕ್ಕೊಂದೇ ದಿನ ಬರುವ ಈ ಸಂಕಟಕ್ಕೆ ಕಾರಣ ಆ ದಿನದಲ್ಲೇ ಇರಬೇಕು ಎನ್ನಿಸಿತು.

ಎರಡನೆಯ ಭೇಟಿಯಲ್ಲೂ ಮಾತೆಲ್ಲ ಮಗಳದೇ. ರಾಜಾಸೀಟ್, ದುಬಾರೆ, ಚೇಲಾವರ ಜಲಪಾತ, ಹಿಂದಿನ ವಾರ ಭಾಗಮಂಡಲ. ‘ಇಷ್ಟು ವರ್ಷ ಅಪ್ಪನೂ ಇಷ್ಟೆಲ್ಲ ತೋರಿಸಿರಲಿಲ್ಲ ಮೇಡಂ. ಇವರು ಕಾರಿನಿಂದ ಇಳಿಯುವುದೇ ಅಪರೂಪ’ ಎಂದರು. ಆ ದನಿಯಲ್ಲಿ ನೋವಿತ್ತು. ವಾರವಿಡೀ ದುಡಿದು, ಪ್ರತಿ ಶನಿವಾರ ಬೆಂಗಳೂರಿನಿಂದ ಮಡಿಕೇರಿಗೆ ಬರುವ ಮಗಳು ಅವರು.

ನಾನು ಅಮ್ಮನ ಕಡೆ ತಿರುಗಿದೆ. ‘ಭಾಗಮಂಡಲದಲ್ಲಿ ಏನೇನು ನೋಡಿದಿರಿ ಅಮ್ಮಾ?’

‘ಗಡಿಯಾರ ನೋಡಿದೆ’ ಎಂದರು.

ಮಗಳು ಏನೋ ಹೇಳಹೊರಟರು. ಸ್ವಲ್ಪ ತಡೆಯಿರಿ ಎಂದು ಸನ್ನೆ ಮಾಡಿದೆ.

‘ನಾಲ್ಕು ಗಂಟೆಯವರೆಗೆ ಮನೆಗೆ ಹೋಗುವ ಹಾಗಿಲ್ಲ. ಬ್ರೋಕರ್ ಫೋನ್ ಬರಬೇಕು. ಸಂಗಮದಲ್ಲಿ ಕಾಲು ತೊಳೆದು, ದೇವರಿಗೆ ಕೈ ಮುಗಿದು ಬಂದರೂ ಇನ್ನೂ ಹೊತ್ತು ಉಳಿದಿತ್ತು. ತಲಕಾವೇರಿಗೂ ಹೋಗಿ ಬರೋಣ ಎಂದರು. ತೀರ್ಥೋದ್ಭವದ ದಿನ ಕರೆದುಕೊಂಡು ಹೋಗು ಎಂದು ನಾನೇ ಕೇಳಿದ್ದೆ. ರಜೆ ಇಲ್ಲ ಎಂದಳು. ಸರಿ, ಇಲ್ಲ ಎಂದರೆ ಇಲ್ಲ. ಆದರೆ ಹೊತ್ತು ಕಳೆಯುವುದಕ್ಕೆ ತಲಕಾವೇರಿಗೆ ಹೋಗುತ್ತಾರೆಯೇ ಮೇಡಂ?’

ಆಮೇಲೆ ಅವರು ನಿಲ್ಲಿಸಲಿಲ್ಲ. ದುಬಾರೆಗೆ ಹೋಗಿ ಬಂದ ದಿನ ನಡುಮನೆಯಲ್ಲಿ ಗಂಡನ ಫೋಟೋ ಇರಲಿಲ್ಲವಂತೆ. ಹಾರ ಹಾಕಿದ ಫೋಟೋ ಎದುರಿಗಿದ್ದರೆ ಮನೆ ಕೊಳ್ಳುವವರ ಮನಸ್ಸು ಹಿಂಜರಿಯುತ್ತದೆ ಎಂದು ಬ್ರೋಕರ್ ಹೇಳಿದ್ದರು. ಹುಡುಕಿದಾಗ ಬೀರುವಿನಲ್ಲಿ, ಸೀರೆಗಳ ಅಡಿಯಲ್ಲಿ, ಬೋರಲಾಗಿ ಸಿಕ್ಕಿತು. ತಿರುಗಿ ತೂಗುಹಾಕೋಣವೆಂದರೆ ಗೋಡೆಯಲ್ಲಿ ಮೊಳೆಯೇ ಇಲ್ಲ. ಅದನ್ನು ಕಿತ್ತು, ತೂತಿಗೆ ಪುಟ್ಟಿ ತುಂಬಿ, ಮೇಲೆ ಬಣ್ಣ ಹೊಡೆದಿದ್ದರು. ‘ಬೆರಳಿನಿಂದ ತಡವಿದೆ. ಎಲ್ಲಿತ್ತು ಎಂದೇ ಗೊತ್ತಾಗಲಿಲ್ಲ’ ಎಂದು ಅವರು ನನ್ನ ಮೇಜಿನ ಮೇಲೆ ಬೆರಳಾಡಿಸಿ ತೋರಿಸಿದರು.

ಇಷ್ಟು ಹೊತ್ತಿಗೆ ಮಗಳ ಕಣ್ಣು ತುಂಬಿತ್ತು. ಆದರೆ ಅಮ್ಮ ಹೇಳಬೇಕಾದದ್ದು ಇನ್ನೂ ಉಳಿದಿತ್ತು.

‘ಹಿತ್ತಿಲ ತಡೆಗೋಡೆ 2018ರ ಮಳೆಯಲ್ಲಿ ಬಿರುಕು ಬಿಟ್ಟಿದೆ. ಈಗ ಅಲ್ಲಿಗೆ ಸಿಮೆಂಟ್ ಮೆತ್ತಿ, ಎದುರಿಗೆ ಆಂಥೂರಿಯಂ ಕುಂಡಗಳನ್ನು ಸಾಲಾಗಿ ಇಟ್ಟಿದ್ದಾರೆ. ನಾನು ಮನೆಯಲ್ಲಿದ್ದರೆ ಕೇಳಿದವರಿಗೆ ಹೇಳಿಬಿಡುತ್ತೇನೆ. ಅದು ಇವರಿಗೆ ಗೊತ್ತು. ಇವರು ನನ್ನನ್ನು ಸುತ್ತಾಡಿಸುತ್ತಿಲ್ಲ ಮೇಡಂ, ಮನೆಯಿಂದ ಆಚೆ ಇಡುತ್ತಿದ್ದಾರೆ. ಮಾರಬೇಡಿ ಎಂದು ನಾನು ಯಾವತ್ತೂ ಹೇಳಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದ ರಾತ್ರಿ ಆ ಗೋಡೆಯ ಕಡೆಗೇ ಕಿವಿ ಇಟ್ಟುಕೊಂಡು ಮಲಗುವುದು ನನಗೂ ಸಾಕಾಗಿದೆ.’

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮಾದಾಪುರ, ಜೋಡುಪಾಲದ ಕಡೆ ಬೆಟ್ಟ ಕುಸಿದದ್ದನ್ನು ಕಂಡವರಿಗೆ, ಮರುವರ್ಷ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯಲ್ಲೇ ಗುಡ್ಡ ಜರಿದದ್ದನ್ನು ಕೇಳಿದವರಿಗೆ ಆ ಕಿವಿಯ ಭಯ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಭಯವನ್ನು ಇನ್ನೊಂದು ಕುಟುಂಬದ ತಲೆಗೆ ಸುಮ್ಮನೆ ಕಟ್ಟುತ್ತಿದ್ದೇವೆ ಎಂಬುದೇ ಶನಿವಾರ ರಾತ್ರಿಗಳಲ್ಲಿ ಅವರ ನಿದ್ದೆ ಕೆಡಿಸುತ್ತಿದ್ದದ್ದು.

ಮಗಳು ಸಮರ್ಥಿಸಿಕೊಳ್ಳಲು ನೋಡಿದರು. ಮನೆಯವರು ಎದುರಿಗಿದ್ದರೆ ಕೊಳ್ಳುವವರು ಮನಸ್ಸು ಬಿಚ್ಚಿ ಮಾತನಾಡುವುದಿಲ್ಲ ಎಂದು ಬ್ರೋಕರ್ ಹೇಳಿದ್ದರಂತೆ. ಅದರಲ್ಲಿ ಸುಳ್ಳಿಲ್ಲ. ಮನೆಯನ್ನು ಅಣಿಗೊಳಿಸುವುದರಲ್ಲೂ ತಪ್ಪಿಲ್ಲ. ಒಡೆದ ಹಂಚು ಬದಲಿಸಿ, ಅಂಗಳದ ಪಾಚಿ ಉಜ್ಜಿ ತೆಗೆಯಿರಿ, ಅಟ್ಟ ಖಾಲಿ ಮಾಡಿ, ಕಿಟಕಿ ತೆರೆದು ಗಾಳಿ ಬಿಸಿಲು ಬಿಡಿ. ಬಣ್ಣ ಮಾತ್ರ ಗೋಡೆ ಚೆನ್ನಾಗಿ ಒಣಗಿದ ಮೇಲೆ ಹೊಡೆಸಿ, ತೇವ ಒಳಗೇ ಉಳಿದರೆ ಬಣ್ಣ ಹೊಪ್ಪಳೆ ಏಳುತ್ತದೆ. ನೆಂಟರು ಬರುವ ಮುಂಚೆ ಮನೆ ಓರಣ ಮಾಡುವಂತೆಯೇ ಇದು. ಆದರೆ ಓರಣ ಮಾಡುವುದು ಬೇರೆ, ಒಬ್ಬ ಮನುಷ್ಯರನ್ನು ಅವರ ಮನೆಯಿಂದಲೇ ಸಾಗಹಾಕುವುದು ಬೇರೆ. ಅದನ್ನು ಪ್ರೀತಿಯ ಹೆಸರಿನಲ್ಲಿ ಮಾಡಿದರೆ ಕೇಡು ಹೆಚ್ಚು. ಅಮ್ಮ ಕಾರು ಹತ್ತದಿದ್ದರೆ ಮಕ್ಕಳ ಪ್ರೀತಿಯನ್ನು ತಿರಸ್ಕರಿಸಿದಂತೆ, ಹತ್ತಿದರೆ ಅವರ ಸುಳ್ಳಿಗೆ ಜೊತೆಯಾದಂತೆ. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ತಪ್ಪಿತಸ್ಥರು ಅವರೇ.

ನಾನು ಕೊಟ್ಟ ಸಲಹೆ ಹೀಗಿತ್ತು. ಮನೆ ತೋರಿಸುವ ದಿನ ಸುತ್ತಾಟ ಬೇಡ, ಸುತ್ತಾಟದ ದಿನ ಮನೆ ತೋರಿಸುವುದು ಬೇಡ. ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಎಂಬುದು ಹಿಂದಿನ ದಿನವೇ ಅಮ್ಮನಿಗೆ ತಿಳಿಯಬೇಕು. ಮನೆಯಲ್ಲಿರುವುದೋ, ನೆರೆಮನೆಗೆ ಹೋಗಿ ಕೂರುವುದೋ ಅವರ ಇಷ್ಟ. ಫೋಟೋವನ್ನು ನಡುಮನೆಯಿಂದ ತೆಗೆಯುವುದೇ ಆದರೆ ಅಮ್ಮನೇ ತಮ್ಮ ಕೈಯಾರೆ ತೆಗೆಯಲಿ, ತಮ್ಮ ಕೋಣೆಯಲ್ಲಿ ಹೊಸ ಮೊಳೆ ಹೊಡೆಸಿಕೊಳ್ಳಲಿ, ಕೀಲಿಕೈ ಕೊಡುವ ದಿನದವರೆಗೆ ಅಲ್ಲಿಂದ ಅದನ್ನು ಯಾರೂ ಅಲುಗಿಸುವುದು ಬೇಡ. ಬದುಕಿ ಬಾಳಿದ ಮನೆಯನ್ನು ಬಿಡುವವರಿಗೆ ಒಂದೊಂದೇ ವಸ್ತುವನ್ನು ತಾವೇ ಇಳಿಸುವ ಅವಕಾಶ ಬೇಕು. ಬೇರೆಯವರು ಗುಟ್ಟಾಗಿ ಇಳಿಸಿದಾಗ ಅದು ಕಳವಿನಂತೆ ಕಾಣುತ್ತದೆ.

ತಡೆಗೋಡೆಯ ವಿಷಯದಲ್ಲಿ ನಾನು ಬಿಗಿಯಾಗಿಯೇ ಮಾತನಾಡಿದೆ. ಮೊದಲು ಎಂಜಿನಿಯರ್ ಒಬ್ಬರಿಗೆ ತೋರಿಸಿ, ಅವರು ಹೇಳಿದ್ದನ್ನು ಕೊಳ್ಳಲು ಬಂದವರಿಗೆ ಹೇಳಿ ಎಂದೆ. ಆಪ್ತಸಲಹೆಗಾರರಿಗೆ ಗೋಡೆಯ ಉಸಾಬರಿ ಏಕೆ ಎಂದು ಅಳಿಯ ಆಮೇಲೆ ಫೋನಿನಲ್ಲಿ ಕೇಳಿದರು. ನನ್ನ ವೃತ್ತಿಯ ಕೆಲವರೂ ಹೀಗೇ ಹೇಳುತ್ತಾರೆ: ಭಾವನೆಗಳಿಗೆ ಕಿವಿಗೊಡಿ, ವ್ಯವಹಾರ ಅವರಿಗೆ ಬಿಡಿ. ನಾನು ಒಪ್ಪುವುದಿಲ್ಲ. ಆ ತಾಯಿಯ ಸಂಕಟ ಇದ್ದದ್ದೇ ಆ ವ್ಯವಹಾರದಲ್ಲಿ. ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳುಹಿಸಿದ್ದರೆ, ಮನಸ್ಸಾಕ್ಷಿ ಸರಿಯಾಗಿ ಕೆಲಸ ಮಾಡುತ್ತಿದ್ದ ಹೆಂಗಸಿಗೆ ಅದನ್ನು ಸುಮ್ಮನಾಗಿಸಿಕೊಳ್ಳಿ ಎಂದಂತಾಗುತ್ತಿತ್ತು.

ಇನ್ನೊಂದು ಕಾರಣವೂ ಇತ್ತು. ಮನೆ ಇದ್ದದ್ದು ಅಮ್ಮನ ಹೆಸರಿನಲ್ಲಿ. ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ದೊಡ್ಡ ದೋಷ ತನಗೆ ಗೊತ್ತಿದ್ದರೆ ಅದನ್ನು ಮಾರುವವರು ತಿಳಿಸಲೇಬೇಕು, ತಿಳಿಸದಿದ್ದರೆ ಅದು ವಂಚನೆ ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮು ಹೇಳುತ್ತದೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕ್ರಯಪತ್ರಕ್ಕೆ ಸಹಿ ಹಾಕುವವರು ಬ್ರೋಕರ್ ಅಲ್ಲ, ಮಗಳೂ ಅಲ್ಲ. ‘ನಾಳೆ ತಕರಾರು ಬಂದರೆ ನೋಟಿಸ್ ಯಾರ ಹೆಸರಿಗೆ ಬರುತ್ತದೆ?’ ಎಂದು ಕೇಳಿದೆ. ಮಗಳು ಬಹಳ ಹೊತ್ತು ಅಮ್ಮನ ಮುಖವನ್ನೇ ನೋಡಿದರು. ತಾನು ಅಮ್ಮನನ್ನು ಎಂಥ ಜಾಗದಲ್ಲಿ ನಿಲ್ಲಿಸುತ್ತಿದ್ದೇನೆ ಎಂಬುದು ಅಲ್ಲಿಯವರೆಗೆ ಅವರಿಗೆ ನಿಜಕ್ಕೂ ಹೊಳೆದಿರಲಿಲ್ಲ.

ಕೊನೆಯಲ್ಲಿ, ನಿಮಗೇ ಎಲ್ಲಿಗಾದರೂ ಹೋಗಬೇಕೆನಿಸಿದರೆ ಎಲ್ಲಿಗೆ ಹೋಗುತ್ತೀರಿ ಎಂದು ಅಮ್ಮನನ್ನು ಕೇಳಿದೆ. ತಡಮಾಡದೆ ಬಂತು ಉತ್ತರ: ‘ಶುಕ್ರವಾರದ ಸಂತೆಗೆ. ಇವಳ ಜೊತೆ.’ ಮಗಳು ಒಂದು ಶುಕ್ರವಾರ ರಜೆ ಹಾಕಿ ಬಂದರು. ಜಲಪಾತದ ಎದುರಿನಲ್ಲೂ ಕಾರಿನಿಂದ ಇಳಿಯದಿದ್ದ ಅಮ್ಮ ಸಂತೆಯಲ್ಲಿ ಮಧ್ಯಾಹ್ನದವರೆಗೆ ನಡೆದಾಡಿದರಂತೆ. ಪರಿಚಯದ ತರಕಾರಿಯವರಿಗೆಲ್ಲ ಮಗಳನ್ನು ತೋರಿಸಿ, ಮನೆ ಮಾರಿ ಕುಶಾಲನಗರಕ್ಕೆ ಹೋಗುತ್ತಿದ್ದೇನೆ ಎಂದು ತಾವೇ ಹೇಳಿಕೊಂಡರಂತೆ.

ತಡೆಗೋಡೆಯಲ್ಲಿ ನೀರು ಹೊರಹೋಗುವ ಕಿಂಡಿಗಳು ಮಣ್ಣು ತುಂಬಿ ಮುಚ್ಚಿಹೋಗಿದ್ದವು ಎಂದು ಎಂಜಿನಿಯರ್ ಹೇಳಿದರು. ಅವುಗಳನ್ನು ಬಿಡಿಸಿ, ಒಂದು ಭಾಗವನ್ನು ಹೊಸದಾಗಿ ಕಟ್ಟಿಸಿದರು. ಗೋಡೆಯ ಕಥೆ ಕೇಳಿ ಒಂದು ಕುಟುಂಬ ಹಿಂದೆ ಸರಿಯಿತು. ಆಮೇಲೆ ಬಂದವರು ದುರಸ್ತಿಯ ಕಾಗದಗಳನ್ನೆಲ್ಲ ನೋಡಿ, ಅಮ್ಮನನ್ನೇ ಕೂರಿಸಿಕೊಂಡು ಮಳೆಗಾಲ ಹೇಗಿರುತ್ತದೆ ಎಂದು ಕೇಳಿ, ಹೇಳಿದ ಬೆಲೆಗಿಂತ ಕಡಿಮೆಗೆ ಕೊಂಡರು. ಅಳಿಯನಿಗೆ ಇಂದಿಗೂ ನನ್ನ ಮೇಲೆ ಅಸಮಾಧಾನವಿದೆ. ನಿಮ್ಮ ಸಲಹೆಯಿಂದ ನಮಗೆ ನಷ್ಟವಾಯಿತು ಎನ್ನುತ್ತಾರೆ. ಹಣ ಕಡಿಮೆ ಬಂದದ್ದು ನಿಜ. ಅಷ್ಟು ಹಣ ಬಿಟ್ಟುಕೊಡುವುದಕ್ಕೆ ಒಪ್ಪಿದ್ದು ಮನೆಯ ಒಡತಿ, ಅವರು ಒಪ್ಪಿದ್ದು ಲೆಕ್ಕ ಹಾಕಿಯೇ ಎಂದು ನಾನು ಅವರಿಗೆ ಹೇಳಿದ್ದೇನೆ.